ಅಲಗು ಇಂಗ್ಲೆಂಡಿನದು, ಹಿಡಿ ನಮ್ಮದು

ಕಳೆದ ನವರಾತ್ರಿ ಮುಗಿದು ನಾಲ್ಕು ದಿನವಾಗಿತ್ತು. ಲಿಂಗಸುಗೂರಿನ ಕಡೆಯ ನನ್ನ ಹಳೆಯ ಮಿತ್ರರೊಬ್ಬರು ಧೋತರದಲ್ಲಿ ಸುತ್ತಿದ್ದ ಉದ್ದನೆಯ ವಸ್ತುವೊಂದನ್ನು ತಂದು ನನ್ನ ಮೇಜಿನ ಮೇಲೆ ಬಿಚ್ಚಿದರು. ಅವರನ್ನು ನಾವೆಲ್ಲ ದೇಸಾಯರೆಂದೇ ಕರೆಯುವುದು ವಾಡಿಕೆ. ಅವರ ವಂಶದ ಹಿರಿಯರೊಬ್ಬರು ನಿಜಾಮರ ಸೀಮೆಯ ಕುದುರೆದಂಡಿನಲ್ಲಿ ಸವಾರರಾಗಿದ್ದರೆಂಬುದು ಅವರ ಮನೆಯಲ್ಲಿ ತಲೆಮಾರುಗಳಿಂದ ಬಂದ ಮಾತು. ಬಟ್ಟೆಯೊಳಗಿದ್ದದ್ದು ಆ ಹಿರಿಯರ ಕತ್ತಿ.

ಅಲಗು ಅಗಲವಾದದ್ದು, ಬಿದಿಗೆಯ ಚಂದ್ರನಂತೆ ಡೊಂಕಾದದ್ದು. ತುದಿಯ ಹತ್ತಿರ ಸಣ್ಣದಾಗುವ ಬದಲು ಇನ್ನಷ್ಟು ಅಗಲವಾಗಿತ್ತು. ಹಿಡಿ ಮಾತ್ರ ನಮ್ಮ ದೇಶದ್ದು. ಹಿಂದುಗಡೆ ಪುಟ್ಟ ತಟ್ಟೆಯಂತಹ ಬಿಲ್ಲೆಯಿರುವ ಕಬ್ಬಿಣದ ಹಿಡಿ. ಇನ್ನೊಂದು ವಿಚಿತ್ರವೂ ಇತ್ತು. ಹಿಡಿಯಿಂದ ನಡುವಿನವರೆಗೆ ಅಲಗು ಕನ್ನಡಿಯಂತೆ ಹೊಳೆಯುತ್ತಿತ್ತು. ಅಲ್ಲಿಂದ ತುದಿಯವರೆಗೆ ಹುರಿದ ಕಾಫಿಬೀಜದ ಬಣ್ಣಕ್ಕಿತ್ತು.

ಕೇಳಿದಾಗ ಸಂಗತಿ ತಿಳಿಯಿತು. ಆಯುಧಪೂಜೆಗೆ ಚೆನ್ನಾಗಿ ಕಾಣಲೆಂದು ಅವರ ಮನೆಯವರು ಅದನ್ನು ಪಾತ್ರೆಗಳಿಗೆ ಮೆರುಗು ಕೊಡುವ ಒಂದು ಅಂಗಡಿಗೆ ಕೊಟ್ಟಿದ್ದರು. ಮೋಟಾರಿನ ಚಕ್ರಕ್ಕೆ ಅಲಗನ್ನು ಒತ್ತಿ ಅರ್ಧ ಮುಗಿಸುವಷ್ಟರಲ್ಲಿ ದೇಸಾಯರು ಅಲ್ಲಿಗೆ ಹೋಗಿ ನಿಲ್ಲಿಸಿದರು. ಅಷ್ಟಕ್ಕೇ ಕಥೆ ಮುಗಿಯಲಿಲ್ಲ. ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಕತ್ತಿಯನ್ನು ನೋಡಿ, ಅಲಗು ವಾಟರ್ಲೂ ಕಾಲದ್ದು, ಒಳ್ಳೆಯ ಮಾಲು, ಆದರೆ ಹಿಡಿ ಕೆಡಿಸಿಬಿಟ್ಟಿದೆ ಎಂದನಂತೆ. ಈ ಹಿಡಿ ತೆಗೆಸಿ ಇಂಗ್ಲಿಷ್ ಹಿಡಿ ಹಾಕಿಸೋಣ, ಉಳಿದರ್ಧಕ್ಕೂ ಮೆರುಗು ಕೊಡಿಸೋಣ, ಲಂಡನ್ನಿನಲ್ಲಿ ಗಿರಾಕಿ ನಾನೇ ಹುಡುಕುತ್ತೇನೆ, ಬೆಲೆ ಮೂರು ಪಾಲಾಗುತ್ತದೆ ಎಂದು ಆಸೆಯನ್ನೂ ತೋರಿಸಿದ್ದ.

“ಹಿಡಿ ಬದಲಿಸಿದ್ರ ಕತ್ತಿ ಅಸಲಿ ಆಗ್ತದ ಅಂತಾನ್ರೀ ಅವ. ನೀವೇನಂತೀರಿ?” ಎಂದರು ದೇಸಾಯರು.

ಬೇಡ ಎಂದೆ. ಏಕೆ ಬೇಡವೆಂಬುದನ್ನು ಹೇಳಲು ಆ ಸಂಜೆಯೆಲ್ಲ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹದಿನೆಂಟನೆಯ ಶತಮಾನದ ಬಹುಭಾಗ ಇಂಗ್ಲೆಂಡಿನ ಕುದುರೆಸೈನ್ಯಕ್ಕೆ ಒಂದೇ ಮಾದರಿಯ ಕತ್ತಿಯೆಂಬುದು ಇರಲಿಲ್ಲ. ರೆಜಿಮೆಂಟಿನ ಕರ್ನಲ್ ತನ್ನ ಸವಾರರಿಗೆ ಬೇಕಾದ ಕತ್ತಿಯನ್ನು ತನಗೆ ಒಪ್ಪಿದ ಕಡೆ ಕೊಳ್ಳುತ್ತಿದ್ದ. ಗಟ್ಟಿಯಾದ ಅಲಗು ಬೇಕೆಂದರೆ ಜರ್ಮನಿಯ ಸೋಲಿಂಗೆನ್ ಪಟ್ಟಣದಿಂದ ತರಿಸಬೇಕು. ಇಂಗ್ಲಿಷ್ ಅಲಗು ಮುರಿಯುತ್ತದೆ ಎಂಬ ಅಪವಾದ ಬೇರೂರಿತ್ತು. ಬರ್ಮಿಂಗ್‌ಹ್ಯಾಮಿನ ಥಾಮಸ್ ಗಿಲ್ ಎಂಬ ಕತ್ತಿ ತಯಾರಕನಿಗೆ ಇದನ್ನು ಸಹಿಸಲಾಗಲಿಲ್ಲ. ತನ್ನ ಅಲಗು ಜರ್ಮನಿಯದಕ್ಕೆ ಏನೇನೂ ಕಡಮೆಯಿಲ್ಲ, ಬೇಕಾದರೆ ಪರೀಕ್ಷೆ ಮಾಡಿ ನೋಡಿ ಎಂದು 1783ರಲ್ಲಿ ಸರ್ಕಾರಕ್ಕೆ ಬರೆದುಕೊಂಡ. ಪರೀಕ್ಷೆ ನಡೆದದ್ದು ಮೂರು ವರ್ಷದ ಮೇಲೆ, 1786ರಲ್ಲಿ. ಅದನ್ನು ಮಾಡಿಸಿದವರು ಯಾರು? ಈಸ್ಟ್ ಇಂಡಿಯಾ ಕಂಪನಿಯವರು. ತಮ್ಮ ಸವಾರರಿಗಾಗಿ ಅವರಿಗೆ ಸಾವಿರಗಟ್ಟಲೆ ಕತ್ತಿ ಬೇಕಾಗಿತ್ತು. ಅಲಗನ್ನು ಯಂತ್ರಕ್ಕೆ ಕೊಟ್ಟು ಬಿಲ್ಲಿನಂತೆ ಬಗ್ಗಿಸುವುದು. ಬಿಟ್ಟಾಗ ಮೊದಲಿನಂತೆ ಆಗಬೇಕು, ಮುರಿಯಲೂ ಬಾರದು, ಬಾಗಿಯೇ ನಿಲ್ಲಲೂ ಬಾರದು. ಜರ್ಮನಿಯ ಅಲಗುಗಳೂ ಇಂಗ್ಲೆಂಡಿನ ಬೇರೆ ತಯಾರಕರವೂ ಇದ್ದ ಆ ಪರೀಕ್ಷೆಯಲ್ಲಿ ಗಿಲ್ಲನವೇ ಮೇಲಾದವು. ಆಮೇಲೆ ಆತ ತನ್ನ ಅಲಗಿನ ಮೇಲೆ ‘ವಾರಂಟೆಡ್’, ಎಂದರೆ ಖಾತ್ರಿ ಮಾಲು, ಎಂಬ ಮಾತನ್ನು ಧೈರ್ಯವಾಗಿ ಕೆತ್ತಿಸಿದ. ಉಳಿದ ತಯಾರಕರೂ ಹಿಂದೆ ಬೀಳಲಿಲ್ಲ. ಇಂಗ್ಲಿಷ್ ಅಲಗಿಗೆ ಮರ್ಯಾದೆ ತಂದುಕೊಟ್ಟ ಪರೀಕ್ಷೆ ನಮ್ಮ ನೆಲಕ್ಕೆ ಬರಲಿದ್ದ ಕತ್ತಿಗಳಿಗಾಗಿ ನಡೆಯಿತೆಂಬುದು ನೆನಪಿನಲ್ಲಿರಲಿ.

1788ರಲ್ಲಿ ಮೊದಲ ಸರ್ಕಾರಿ ಮಾದರಿಗಳು ಬಂದವು. ಅವು ಹೆಚ್ಚು ಕಾಲ ಬಾಳಲಿಲ್ಲ. 1793–94ರಲ್ಲಿ ಫ್ರೆಂಚರ ಮೇಲೆ ಯುದ್ಧ ಮಾಡಲು ಇಂಗ್ಲಿಷ್ ಸೈನ್ಯ ಫ್ಲ್ಯಾಂಡರ್ಸಿಗೆ ಹೋದಾಗ ಅದರೊಂದಿಗೆ ಜಾನ್ ಗ್ಯಾಸ್ಪರ್ಡ್ ಲೆ ಮಾರ್ಷಾಂಟ್ ಎಂಬ ಚುರುಕು ಕಣ್ಣಿನ ತರುಣ ಅಧಿಕಾರಿಯಿದ್ದ. ಅವನು ಕಂಡದ್ದೇನು? ಸವಾರರು ಬೀಸಿದ ಕತ್ತಿ ಶತ್ರುವಿಗಿಂತ ಹೆಚ್ಚಾಗಿ ತಮ್ಮ ಕುದುರೆಯ ಕಿವಿಗೂ ಕುತ್ತಿಗೆಗೂ ತಗಲುತ್ತಿತ್ತು. ಕೆಲವರು ತಮಗೇ ಗಾಯ ಮಾಡಿಕೊಂಡಿದ್ದರು. ಜೊತೆಯಲ್ಲಿದ್ದ ಆಸ್ಟ್ರಿಯದ ಅಧಿಕಾರಿಯೊಬ್ಬ, ನಿಮ್ಮವರ ಕತ್ತಿವರಸೆ ಸೌದೆ ಒಡೆಯುವವರನ್ನು ನೆನಪಿಗೆ ತರುತ್ತದೆ ಎಂದು ಹಾಸ್ಯ ಮಾಡಿದನಂತೆ. ಆ ಮಾತು ಲೆ ಮಾರ್ಷಾಂಟನ ಮನಸ್ಸಿನಲ್ಲಿ ನಾಟಿತು. ಊರಿಗೆ ಬಂದವನೇ ಬರ್ಮಿಂಗ್‌ಹ್ಯಾಮಿನ ಹೆನ್ರಿ ಆಸ್ಬರ್ನ್ ಎಂಬ ತಯಾರಕನ ಜೊತೆ ಕುಳಿತು ಹೊಸ ಕತ್ತಿಯೊಂದನ್ನು ರೂಪಿಸಿದ. ತುರ್ಕರು, ಮಾಮಲೂಕರು, ಹಂಗೇರಿಯವರು ಹಿಡಿಯುತ್ತಿದ್ದ ಡೊಂಕು ಕತ್ತಿಗಳೇ ಶ್ರೇಷ್ಠವೆಂದು ಅವನ ಎಣಿಕೆಯಾಗಿತ್ತು.

ಹಾಗೆ ಹುಟ್ಟಿದ್ದೇ ಹಗುರ ಕುದುರೆದಳದ 1796ರ ಮಾದರಿ. ಅಲಗಿನ ಉದ್ದ ಸುಮಾರು 33 ಅಂಗುಲ. ತೂಕ ಎರಡು ಪೌಂಡಿಗೆ ಸ್ವಲ್ಪ ಹೆಚ್ಚು. ಕೈಯನ್ನು ಕಾಯಲು ರಿಕಾಪಿನ ಆಕಾರದ ಒಂದೇ ಒಂದು ಕಬ್ಬಿಣದ ಪಟ್ಟಿ, ಅಲಂಕಾರವಿಲ್ಲ, ಆಡಂಬರವಿಲ್ಲ. ಅದರ ಗುಟ್ಟೆಲ್ಲ ಇರುವುದು ಮೊನೆಯ ಕಡೆ ಅಗಲವಾಗುವ ಅಲಗಿನಲ್ಲಿ. ಬೀಸಿದಾಗ ತೂಕವೆಲ್ಲ ಮುಂದಕ್ಕೆ ಬಂದು, ಏಟು ಮಚ್ಚಿನ ಏಟಿನಂತೆ ಇಳಿಯುತ್ತದೆ. ಪ್ರಷ್ಯದವರು 1811ರಲ್ಲಿ ಇದನ್ನೇ ನಕಲು ಮಾಡಿ ತಮ್ಮ ಸವಾರರಿಗೂ ಕೊಟ್ಟರು. ಕತ್ತಿ ಬೀಸುವ ಕ್ರಮವನ್ನು ಕುರಿತು ಲೆ ಮಾರ್ಷಾಂಟ್ ಬರೆದ ಕೈಪಿಡಿಯನ್ನು ಸರ್ಕಾರ 1796ರಲ್ಲಿಯೇ ಅಚ್ಚು ಹಾಕಿಸಿ ಸೈನ್ಯಕ್ಕೆಲ್ಲ ಹಂಚಿತು.

ಭಾರಿ ಕುದುರೆದಳಕ್ಕೆ ಅದೇ ವರ್ಷ ಕೊಟ್ಟ ಕತ್ತಿ ಬೇರೆ. ಅದು ಆಸ್ಟ್ರಿಯದ್ದರ ನಕಲು. 35 ಅಂಗುಲದ ನೇರ ಅಲಗು, ತೂತುಗಳುಳ್ಳ ತಟ್ಟೆಯಂತಹ ಕಾಪು, ಮೊನೆಯ ಬದಲಿಗೆ ಕೊಡಲಿಯ ಬಾಯಿಯಂತೆ ಓರೆಯಾಗಿ ಕತ್ತರಿಸಿದ ತುದಿ. 1812ರ ಜುಲೈ 22ರಂದು ಸ್ಪೇನಿನ ಸಲಮಾಂಕದಲ್ಲಿ ಲೆ ಮಾರ್ಷಾಂಟ್ ಮುನ್ನಡೆಸಿದ್ದು ಈ ನೇರ ಕತ್ತಿ ಹಿಡಿದ ಭಾರಿ ದಳವನ್ನೇ. ಅಂದಿನ ದಾಳಿ ಗೆದ್ದಿತು; ಡೊಂಕು ಕತ್ತಿಯ ಜನಕ ಮಾತ್ರ ಬಂದೂಕಿನ ಗುಂಡಿಗೆ ಬಲಿಯಾದ.

ಈ ಕೊಡಲಿ ಬಾಯಿಯ ತುದಿಯನ್ನು ಕುರಿತು ಸಂಗ್ರಹಕಾರರಲ್ಲಿ ಒಂದು ದೊಡ್ಡ ತೊಡಕಿದೆ. ಇರಿಯಲು ಬರುವುದಿಲ್ಲವೆಂದು ಎಷ್ಟೋ ದಳಗಳವರು ವಾಟರ್ಲೂ ಯುದ್ಧಕ್ಕೆ ಮುಂಚೆ ಆ ತುದಿಯನ್ನು ಸಾಣೆ ಹಿಡಿಸಿ ಈಟಿಯ ಮೊನೆಯಂತೆ ಮಾಡಿಸಿಕೊಂಡರು. ತಟ್ಟೆಯ ಒಳ ಅಂಚು ಸೊಂಟಕ್ಕೆ ಉಜ್ಜಿ ಬಟ್ಟೆ ಹರಿಯುತ್ತಿದ್ದುದರಿಂದ ಅದನ್ನೂ ಅರೆದು ಹಾಕಿಸಿದರು. 1815ರ ಜೂನ್ 18ರಂದು ಸ್ಕಾಟ್ಸ್ ಗ್ರೇಸ್ ದಳದ ಸಾರ್ಜೆಂಟ್ ಚಾರ್ಲ್ಸ್ ಯೂವರ್ಟ್ ಫ್ರೆಂಚರ 45ನೆಯ ರೆಜಿಮೆಂಟಿನ ಹದ್ದಿನ ಲಾಂಛನವನ್ನು ಕಿತ್ತುಕೊಂಡ ದಾಳಿಯಲ್ಲಿ ಬಳಕೆಯಾದ ಕತ್ತಿಗಳು ಈ ಜಾತಿಯವೇ. ಕಾರ್ಖಾನೆಯಿಂದ ಬಂದಂತೆಯೇ ಇರುವ ಕತ್ತಿ ಬೇಕೆನ್ನುವವನಿಗೆ ಕೊಡಲಿ ತುದಿಯದು ಬೇಕು, ಅದು ಅಪರೂಪ. ಯುದ್ಧ ಕಂಡ ಕತ್ತಿ ಬೇಕೆನ್ನುವವನಿಗೆ ಸಾಣೆ ಹಿಡಿದು ಚೂಪು ಮಾಡಿದ್ದೇ ಬೇಕು. ಹೀಗಿರುವಾಗ ಯಾವುದು ಕೆಟ್ಟದ್ದು, ಯಾವುದು ಕೆಡದೆ ಉಳಿದದ್ದು? ‘ಸ್ಥಿತಿ’ ಎಂಬ ಮಾತನ್ನು ವ್ಯಾಪಾರಿಗಳು ಬಳಸುವಷ್ಟು ಸುಲಭವಾಗಿ ನಾವು ಬಳಸಲು ಬರುವುದಿಲ್ಲ.

ಇಷ್ಟು ಹೇಳುವಷ್ಟರಲ್ಲಿ ದೇಸಾಯರಿಗೆ ಬೇಸರವಾಗತೊಡಗಿತ್ತು. “ಅದೆಲ್ಲಾ ವಿಲಾಯತಿ ಮಾತಾತ್ರೀ. ನಮ್ಮ ಹಿಡಿ ಕಥಿ ಹೇಳ್ರಿ” ಎಂದರು. ನಮ್ಮ ಹಿಡಿಯ ಕಥೆ ಬರುವುದು ಬೆಂಗಳೂರಿನಲ್ಲಿದ್ದ ಒಂದು ರೆಜಿಮೆಂಟಿನ ಅಧಿಕಾರಿಯಿಂದ.

1840ರ ದಶಕದಲ್ಲಿ ಬೆಂಗಳೂರಿನ ದಂಡಿನಲ್ಲಿ 15ನೆಯ ಹುಸಾರ್ ದಳ ಬೀಡುಬಿಟ್ಟಿತ್ತು. ಅದರಲ್ಲಿ ಲೂಯಿ ನೋಲನ್ ಎಂಬ ಅಧಿಕಾರಿಯಿದ್ದ. 1818ರಲ್ಲಿ ಕೆನಡದಲ್ಲಿ ಹುಟ್ಟಿದವನು, ಮೊದಲು ಆಸ್ಟ್ರಿಯ ಸೈನ್ಯದ ಹಂಗೇರಿಯನ್ ಹುಸಾರರಲ್ಲಿ ಕೆಲಸ ಮಾಡಿದವನು. ಕುದುರೆಯೆಂದರೆ ಪ್ರಾಣ ಬಿಡುವವನು. ನಿಜಾಮರ ಸೀಮೆಯ ಕುದುರೆದಂಡಿಗೂ ರೋಹಿಲರಿಗೂ ನಡೆದ ಒಂದು ಕಾಳಗದ ಸುದ್ದಿ ಅವನ ಕಿವಿಗೆ ಬಿತ್ತು. ಗಾಯಗಳನ್ನು ನೋಡಿದ ವೈದ್ಯನ ವರದಿಯನ್ನು ಓದಿದಾಗ ಅವನಿಗೆ ನಂಬಲಾಗಲಿಲ್ಲ: ಒಂದೇ ಏಟಿಗೆ ಹಾರಿದ ತಲೆಗಳು, ತಲೆ ಕಾಯಲು ಎತ್ತಿದ ಎರಡು ಕೈಗಳೂ ಒಟ್ಟಿಗೆ ತುಂಡಾದದ್ದು, ಕಾಲು ಕಡಿದುಬಿದ್ದದ್ದು. ಇಂಗ್ಲಿಷ್ ಸವಾರರ ಕತ್ತಿಯಿಂದ ಇಂತಹ ಏಟು ಬಿದ್ದದ್ದನ್ನು ಅವನು ಕಂಡಿರಲಿಲ್ಲ. ಹಾಗಾದರೆ ಇವರು ದೈತ್ಯರೋ? ಇವರ ಹತ್ತಿರ ಯಾವ ಮಾಯದ ಉಕ್ಕಿದೆಯೋ? ಹೋಗಿ ನೋಡಿದ.

ದೈತ್ಯರಲ್ಲ, ಸಾಮಾನ್ಯ ಮೈಕಟ್ಟಿನ ಸವಾರರು. ಕತ್ತಿಗಳನ್ನು ಕೈಗೆ ತೆಗೆದುಕೊಂಡು ಪರೀಕ್ಷಿಸಿದಾಗ ಅವನು ಬೆರಗಾದ. ಅವುಗಳಲ್ಲಿ ಬಹುಪಾಲು ಇಂಗ್ಲಿಷ್ ಸೈನ್ಯವೇ ಹಳೆಯವೆಂದು ತೆಗೆದುಹಾಕಿದ ಡ್ರಗೂನರ ಅಲಗುಗಳು! 1821ರ ಹೊಸ ಮಾದರಿ ಬಂದ ಮೇಲೆ 1796ರ ಅಗಲ ಅಲಗುಗಳು ಸೇವೆಯಿಂದ ಹೊರಬಿದ್ದಿದ್ದವಷ್ಟೆ. ಅಂತಹವನ್ನು ಇವರು ಇಂಗ್ಲಿಷ್ ಹಿಡಿ ಬಿಚ್ಚಿಹಾಕಿ ತಮ್ಮ ರೂಢಿಯ ಕಬ್ಬಿಣದ ಹಿಡಿಗೆ ಕೂರಿಸಿಕೊಂಡಿದ್ದರು. ಈ ಹಿಡಿ ಚಿಕ್ಕದು, ಸ್ವಲ್ಪ ಚಪ್ಪಟೆ. ಆದ್ದರಿಂದ ಅಂಗೈಯಲ್ಲಿ ಹೊರಳುವುದಿಲ್ಲ. ಅಲಗಿನ ಬಾಯಿ ಎತ್ತ ತಿರುಗಿದೆಯೆಂಬುದು ಕಣ್ಣು ಮುಚ್ಚಿದರೂ ಕೈಗೆ ಗೊತ್ತಾಗುತ್ತದೆ. ಬುಡದಿಂದ ಮೊನೆಯವರೆಗೆ ಕ್ಷೌರದ ಕತ್ತಿಯಂತೆ ಹರಿತ. ಒರೆ ಮರದ್ದು. ಕಾಳಗಕ್ಕಲ್ಲದೆ ಬೇರೆ ಯಾವ ಕಾರಣಕ್ಕೂ ಕತ್ತಿಯನ್ನು ಹಿರಿಯುವುದಿಲ್ಲ.

ಮರದ ಒರೆಯಲ್ಲಿಯೇ ಅರ್ಧ ರಹಸ್ಯವಿತ್ತು. ಇಂಗ್ಲಿಷ್ ಸವಾರನ ಒರೆ ಉಕ್ಕಿನದು. ಕವಾಯತಿಗೊಮ್ಮೆ ಸಲಾಮಿಗೊಮ್ಮೆ ಕತ್ತಿಯನ್ನು ಹಿರಿದು ಹಾಕುವಾಗಲೆಲ್ಲ ಅಲಗಿನ ಬಾಯಿ ಉಕ್ಕಿಗೆ ಉಜ್ಜುತ್ತದೆ. ಕುದುರೆ ಓಡುವಾಗ ಒಳಗೆ ಕುಲುಕಾಡಿ ಇನ್ನಷ್ಟು ಮೊಂಡಾಗುತ್ತದೆ. ಮನೆಯಲ್ಲಿ ಈಳಿಗೆಯನ್ನು ಕಬ್ಬಿಣದ ಡಬ್ಬಿಯೊಳಗೆ ಹಾಕಿ ದಿನವೂ ಅಲ್ಲಾಡಿಸಿದರೆ ಏನಾದೀತು, ಹಾಗೆ. ಮರದ ಒರೆ ಬೇಗ ಮುರಿಯುತ್ತದೆಯಲ್ಲ ಎಂಬ ಆಕ್ಷೇಪ ಬಂದೀತೆಂದು ನೋಲನ್ ಒಂದು ದಳದ ಲೆಕ್ಕವನ್ನೇ ತರಿಸಿ ನೋಡಿದ. ಮುರಿದ ಮರದ ಒರೆಗಳ ಸಂಖ್ಯೆ ಕಂಪನಿಯ ಸೈನ್ಯದ ಉಕ್ಕಿನ ಒರೆಗಳಿಗಿಂತ ಕಡಮೆಯೇ ಇತ್ತು. ಕುದುರೆ ಒದ್ದರೆ ಉಕ್ಕು ಜಜ್ಜಿ ಮುರಿಯುತ್ತದೆ. ಮರ ಬಾಗಿ ಸಹಿಸಿಕೊಳ್ಳುತ್ತದೆ. ರಾತ್ರಿ ಸದ್ದಿಲ್ಲದೆ ಹೋಗಬೇಕಾದಾಗ ಗಣಗಣ ಎನ್ನುವುದೂ ಇಲ್ಲ.

ಅಲ್ಲಿದ್ದ ಮುದಿ ಸವಾರನೊಬ್ಬನನ್ನು ಅವನು ಮಾತನಾಡಿಸಿದ. ಹೀಗೆ ಹೊಡೆಯುವುದನ್ನು ನಿಮ್ಮವರಿಗೆ ಹೇಗೆ ಕಲಿಸುತ್ತೀರಿ, ಯಾವ ವರಸೆ ಎಂದು ಕೇಳಿದ. ಮುದುಕನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ಕಲಿಸುವುದೇನೂ ಇಲ್ಲ, ಜೋರಾಗಿ ಹೊಡೆಯುವುದು, ಕತ್ತಿ ಹರಿತವಿದ್ದರೆ ಸಾಕು ಎಂಬರ್ಥದ ಉತ್ತರ ಬಂತು. ಇಂಗ್ಲಿಷರ ಹಳೆಯ ಅಗಲ ಅಲಗುಗಳೆಂದರೆ ತಮಗೆ ಬಲು ಇಷ್ಟವೆಂದೂ, ಆದರೆ ಇಂಗ್ಲಿಷರು ಇಟ್ಟುಕೊಂಡಂತೆ ಇಟ್ಟುಕೊಂಡರೆ ಅವು ಕೆಲಸಕ್ಕೆ ಬಾರವೆಂದೂ ಅವನ ಅಭಿಪ್ರಾಯವಾಗಿತ್ತು. ಇದನ್ನೆಲ್ಲ ನೋಲನ್ ಕುದುರೆಸೈನ್ಯವನ್ನು ಕುರಿತ ತನ್ನ 1853ರ ಪುಸ್ತಕದಲ್ಲಿ ಬರೆದಿದ್ದಾನೆ. ಮರುವರ್ಷ 1854ರ ಅಕ್ಟೋಬರ್ 25ರಂದು ಕ್ರಿಮಿಯದ ಬಾಲಕ್ಲಾವದಲ್ಲಿ ಹಗುರ ದಳಕ್ಕೆ ದಾಳಿಯ ಆಜ್ಞೆಯನ್ನು ತಂದುಕೊಟ್ಟ ಸವಾರನೂ ಇವನೇ. ಇತಿಹಾಸದಲ್ಲಿ ಕುಪ್ರಸಿದ್ಧವಾದ ಆ ದಾಳಿ ಹೊರಟ ಕೆಲವೇ ಕ್ಷಣಗಳಲ್ಲಿ ಫಿರಂಗಿ ಗುಂಡಿನ ಚೂರು ಎದೆಗೆ ಹೊಕ್ಕು ಸತ್ತ. ಅದೇ ದಿನ ಬೆಳಿಗ್ಗೆ ಭಾರಿ ದಳದವರು ಬೀಸಿದ ಕತ್ತಿಗಳು ರಷ್ಯನ್ನರ ದಪ್ಪ ನಿಲುವಂಗಿಗಳ ಮೇಲೆ ಬಡಿದು ಹಿಂದಕ್ಕೆ ಚಿಮ್ಮಿದವೆಂದು ಅಲ್ಲಿದ್ದವರು ಹೇಳಿದ್ದಾರೆ. ಮುದಿ ಸವಾರನ ಮಾತನ್ನು ಯಾರೂ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಈಗ ದೇಸಾಯರ ಕತ್ತಿಯನ್ನು ನೋಡಿ. ಅಗಲ ಅಲಗು, ದೇಶೀ ಹಿಡಿ, ಬುಡದವರೆಗೆ ಸಾಣೆ. ಇಂಗ್ಲಿಷ್ ಸವಾರ ಯುದ್ಧಕ್ಕೆ ಹೊರಡುವಾಗ ಸಾಮಾನ್ಯವಾಗಿ ಹರಿತ ಮಾಡಿಸುತ್ತಿದ್ದುದು ಅಲಗಿನ ಮುಂಭಾಗವನ್ನು; ಬುಡ ಮೊಂಡಾಗಿಯೇ ಇರುತ್ತಿತ್ತು. ನೋಲನ್ ಕಂಡು ಬರೆದಂತಹ ಕತ್ತಿ ಇದು. ಇದರ ಹಿಡಿ ‘ಕೆಡಿಸಿದ್ದು’ ಎನ್ನುವುದಾದರೆ, ಈ ಅಲಗು ಮೊದಲ ಬಾರಿ ನೆಟ್ಟಗೆ ಕೆಲಸ ಮಾಡಿದ್ದು ಕೆಟ್ಟ ಮೇಲೆಯೇ ಎನ್ನಬೇಕಾಗುತ್ತದೆ.

ಹಿಡಿ ಬದಲಿಸುವುದರ ಯಂತ್ರವಿವರವನ್ನೂ ಅವರಿಗೆ ಹೇಳಿದೆ. ಇಂಗ್ಲಿಷ್ ಕತ್ತಿಯಲ್ಲಿ ಅಲಗಿನ ಬಾಲ ಹಿಡಿಯ ಉದ್ದಕ್ಕೂ ಹೋಗಿ, ಹಿಂದಿನ ತುದಿಯಲ್ಲಿ ಹೊರಬಂದು, ಅಲ್ಲಿ ಬಡಿದು ಕೂರಿಸಿರುತ್ತದೆ. ನಮ್ಮ ತಲವಾರಿನ ಹಿಡಿ ಹಾಗಲ್ಲ. ಅದರ ಹೊಟ್ಟೆ ಪೊಳ್ಳು. ಅದರೊಳಗೆ ಕಾಯಿಸಿದ ಅರಗನ್ನು ತುಂಬಿ ಅಲಗಿನ ಗಿಡ್ಡ ಬಾಲವನ್ನು ಇಳಿಸಿಬಿಡುತ್ತಾರೆ. ಆರಿದ ಮೇಲೆ ಕಲ್ಲಿನಂತೆ ಗಟ್ಟಿ. ಅದಕ್ಕಾಗಿ ಇಂಗ್ಲಿಷ್ ಅಲಗಿನ ಉದ್ದ ಬಾಲವನ್ನು ಮೊಟಕು ಮಾಡಬೇಕಾಗುತ್ತಿತ್ತು. ಪಾಂಡವರ ಅರಗಿನ ಮನೆಯ ಕಥೆ ಗೊತ್ತಿರುವವರಿಗೆ ಬೆಂಕಿ ಸೋಕಿದರೆ ಅರಗು ಏನಾಗುತ್ತದೆಂದು ಹೇಳಬೇಕಾಗಿಲ್ಲ. ಹಿಡಿಯನ್ನು ಕಾಯಿಸಿದರೆ ಹತ್ತು ನಿಮಿಷದಲ್ಲಿ ಕಳಚಿ ಕೈಗೆ ಬರುತ್ತದೆ. ತೆಗೆಯುವುದು ಸುಲಭ, ಇಂಗ್ಲಿಷ್ ಹಿಡಿ ಹಾಕಲು ಮಾತ್ರ ಮೊಟಕಾದ ಬಾಲಕ್ಕೆ ಹೊಸ ಕಬ್ಬಿಣವನ್ನು ಬೆಸೆಯಬೇಕು. ಬೆಸುಗೆಯ ಕಾವಿಗೆ ಅಲಗಿನ ಬುಡದ ಹದ ಹೋಗುತ್ತದೆ. ಆಗ ಸಿಗುವುದು ಇಂಗ್ಲಿಷ್ ಕತ್ತಿಯೂ ಅಲ್ಲ, ನಿಜಾಮರ ಸವಾರನ ಕತ್ತಿಯೂ ಅಲ್ಲ. ನಿನ್ನೆ ಮೊನ್ನೆ ಹುಟ್ಟಿದ ಮೂರನೆಯದೊಂದು.

ಮೆರುಗಿನ ವಿಚಾರ ಇನ್ನೂ ಖೇದಕರ. ಭೂತಗನ್ನಡಿಯಿಂದ ಅಲಗಿನ ಬೆನ್ನನ್ನು ನೋಡಿದೆವು. ಈ ಕಾಲದ ಕತ್ತಿಗಳಲ್ಲಿ ತಯಾರಕನ ಹೆಸರನ್ನು ಒತ್ತುತ್ತಿದ್ದುದು ಅಲ್ಲಿಯೇ, ಹಿಡಿಯ ಸಮೀಪ. ಚಕ್ರ ಆಡಿದ ಜಾಗದಲ್ಲಿ ಹೆಸರು ನುಣ್ಣಗೆ ಅಳಿಸಿಹೋಗಿತ್ತು. ಅದರ ಮುಂದಿನ ‘ವಾರಂಟೆಡ್’ ಎಂಬ ಒಂದೇ ಮಾತು ಮಸುಕಾಗಿ ಉಳಿದಿತ್ತು. ಖಾತ್ರಿ ಉಳಿದಿದೆ, ಖಾತ್ರಿ ಕೊಟ್ಟವನು ಹೋಗಿದ್ದಾನೆ! ಗಿಲ್ಲನೋ ಆಸ್ಬರ್ನನೋ ವೂಲಿಯೋ, ಇನ್ನು ಯಾರೂ ಹೇಳಲಾರರು. ಎರಡು ನೂರು ವರ್ಷ ಮಳೆ, ಬೆವರು, ಅಟ್ಟದ ಧೂಳು ಇವೆಲ್ಲ ಸೇರಿ ಮಾಡಲಾಗದ್ದನ್ನು ಮೋಟಾರು ಚಕ್ರ ಒಂದು ಗಳಿಗೆಯಲ್ಲಿ ಮಾಡಿ ಮುಗಿಸಿತ್ತು. ಕಂದು ಬಣ್ಣದ ಉಳಿದರ್ಧದಲ್ಲಿ ಮಾತ್ರ ಬಾಯಿಯ ಉದ್ದಕ್ಕೂ ಕೈಸಾಣೆಯ ಸಣ್ಣ ಗೀರುಗಳು ಸ್ಪಷ್ಟವಾಗಿದ್ದವು, ಮೊನೆಯಿಂದ ಒಂದು ಗೇಣು ಕೆಳಗೆ ಎರಡು ಹಲ್ಲುಗಳು ಮುರಿದಿದ್ದವು. ಅವು ಅಲ್ಲಿ ಏಕೆ ಬಂದವೆಂದು ಊಹಿಸುವುದು ಕಷ್ಟವಲ್ಲ. ಏಟಿನ ಭಾರ ಬೀಳುವ ಜಾಗ ಅದು.

ಸಂಗ್ರಹಕಾರರಲ್ಲಿ ಅನುಭವಸ್ಥರು ಕತ್ತಿಯನ್ನು ಕೈಗೆತ್ತಿಕೊಂಡರೆ ಮೊದಲು ಹುಡುಕುವುದು ಇಂತಹ ಗುರುತುಗಳನ್ನೇ. ಬುಡದಲ್ಲಿ ಕಿರೀಟವೂ ಅದರ ಕೆಳಗೆ ಅಂಕಿಯೂ ಇದ್ದರೆ ಅದು ಸರ್ಕಾರಿ ಪರೀಕ್ಷಕನ ಮುದ್ರೆ. ಕಾಪಿನ ಮೇಲೆ ಒಂದು ಅಕ್ಷರ, ಒಂದು ಅಂಕಿ ಕೊರೆದಿದ್ದರೆ ತುಕಡಿಯ ಗುರುತು. ಒರೆಯ ಮೇಲೂ ಅದೇ ಅಂಕಿಯಿದ್ದರೆ ಎರಡೂ ಹುಟ್ಟಿನಿಂದ ಜೋಡಿ ಎಂದು ಅರ್ಥ, ಹಾಗೆ ಸಿಗುವುದು ಅಪರೂಪ. ಎರಡು ಬಾಣದ ಗುರುತುಗಳು ಎದುರುಬದುರಾಗಿ ಮೊನೆ ತಾಗಿಸಿಕೊಂಡಿದ್ದರೆ ಸೈನ್ಯ ಅದನ್ನು ಮಾರಿಬಿಟ್ಟಿತೆಂದು ತಿಳಿಯಬೇಕು. ಲಂಡನ್ನಿನ ವಿಲ್ಕಿನ್ಸನ್ ಸಂಸ್ಥೆ ಅಧಿಕಾರಿಗಳಿಗೆ ಮಾಡಿಕೊಟ್ಟ ಕತ್ತಿಗಳ ಬೆನ್ನಿನ ಮೇಲೆ ಸಂಖ್ಯೆಯಿರುತ್ತದೆ. 1854ರ ಸುಮಾರಿನಿಂದ ಈಚೆಗಿನ ದಫ್ತರು ಉಳಿದಿರುವುದರಿಂದ ಎಷ್ಟೋ ಕತ್ತಿಗಳನ್ನು ಕೊಂಡವರ ಹೆಸರನ್ನೇ ಪತ್ತೆ ಹಚ್ಚಬಹುದು. ಆ ಸಂಸ್ಥೆ 2005ರಲ್ಲಿ ಕತ್ತಿ ಮಾಡುವುದನ್ನು ನಿಲ್ಲಿಸಿತು. ಅಧಿಕಾರಿಗಳ ಹಳೆಯ ಅಲಗುಗಳ ಮೇಲೆ ನೀಲಿ ಬಣ್ಣವೂ ಚಿನ್ನದ ಚಿತ್ರವೂ ಇರುವುದುಂಟು. ಅದು ಹೂವಿನ ಮೇಲಿನ ಪರಾಗದಂತೆ. ಒರಟು ಬಟ್ಟೆಯಲ್ಲಿ ನಾಲ್ಕು ಸಲ ಉಜ್ಜಿದರೆ ಹೋಯಿತು, ಮತ್ತೆ ಬರುವುದಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 1796ರ ರೂಪದ ಕತ್ತಿಯೆಲ್ಲ ವಾಟರ್ಲೂ ಕಾಲದ್ದಲ್ಲ. ಇಂಗ್ಲೆಂಡಿನವರು ಬಿಟ್ಟುಕೊಟ್ಟ ಆ ರೂಪವನ್ನು ನಮ್ಮ ಕುದುರೆದಳಗಳು ಬಿಡಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬರ್ಮಿಂಗ್‌ಹ್ಯಾಮಿನ ಮೋಲ್ ಮುಂತಾದ ತಯಾರಕರು ಭಾರತದ ಸವಾರರಿಗಾಗಿ ಅದೇ ಬಗೆಯ ಡೊಂಕು ಕತ್ತಿಗಳನ್ನು ಮಾಡಿ ಕಳಿಸುತ್ತಿದ್ದರು. ಅವೂ ಅಸಲಿಯೇ, ಆದರೆ ವಯಸ್ಸು ಬೇರೆ. ಬೆನ್ನಿನ ಮೇಲೆ ಮೋಲ್ ಹೆಸರಿರುವ ಕತ್ತಿಯನ್ನು ವೆಲಿಂಗ್ಟನ್ನನ ಕಾಲದ್ದೆಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಬಹುದು. ಇನ್ನು ಈಚೆಗೆ ಅಲಂಕಾರಕ್ಕಾಗಿ ಮಾಡುವ ನಕಲು ಕತ್ತಿಗಳಿವೆ. ನಕಲೆಂದೇ ಹೇಳಿ ಮಾರುವವರ ಮೇಲೆ ದೂರಿಲ್ಲ. ಅವುಗಳಿಗೆ ಆಮ್ಲ ಬಳಿದು ತುಕ್ಕು ಹಿಡಿಸಿ ಮುಪ್ಪು ತರಿಸುವವರೂ ಇದ್ದಾರೆ. ಕಾಲ ತಂದ ತುಕ್ಕು ಒಂದೆಡೆ ಆಳ, ಒಂದೆಡೆ ತೆಳು, ಒಂದೆಡೆ ಇಲ್ಲವೇ ಇಲ್ಲ. ಕೈಯಿಂದ ತರಿಸಿದ ತುಕ್ಕು ದೋಸೆಯ ಮೇಲಿನ ಎಣ್ಣೆಯಂತೆ ಎಲ್ಲ ಕಡೆ ಒಂದೇ ಸಮ ಇರುತ್ತದೆ.

ಕುದುರೆಸೈನ್ಯದ ಕತ್ತಿಯ ಮುಂದಿನ ಕಥೆ ದೇಸಾಯರ ಕತ್ತಿಗೆ ಸಂಬಂಧಿಸಿದ್ದಲ್ಲ, ಬೇಗ ಹೇಳಿಬಿಡುತ್ತೇನೆ. 1853ರಲ್ಲಿ ಹಗುರ ದಳ ಭಾರಿ ದಳವೆಂಬ ಭೇದವಿಲ್ಲದೆ ಸವಾರರಿಗೆಲ್ಲ ಒಂದೇ ಕತ್ತಿ ಬಂತು. 1885ರ ಜನವರಿಯಲ್ಲಿ ಸೂಡಾನಿನ ಅಬು ಕ್ಲೀ ಕಾಳಗದಲ್ಲಿ ಬಯನೆಟ್ಟುಗಳು ಬಾಗಿದವೆಂಬ ಸುದ್ದಿ ಬಂದು ಇಂಗ್ಲೆಂಡಿನಲ್ಲಿ ದೊಡ್ಡ ಗದ್ದಲವೆದ್ದಿತು. ಕತ್ತಿಗಳನ್ನೂ ಮತ್ತೆ ಪರೀಕ್ಷೆಗೆ ಹಾಕಿದರು. ಬೆಂಗಳೂರಿನಲ್ಲಿ 4ನೆಯ ಹುಸಾರ್ ದಳದಲ್ಲಿದ್ದ ವಿನ್‌ಸ್ಟನ್ ಚರ್ಚಿಲ್ 1898ರ ಸೆಪ್ಟೆಂಬರ್ 2ರಂದು ಒಮ್ಡುರ್ಮಾನಿನ ದಾಳಿಯಲ್ಲಿ ಓಡಿದಾಗ ಕೈಯಲ್ಲಿ ಹಿಡಿದದ್ದು ಕತ್ತಿಯನ್ನಲ್ಲ, ಪಿಸ್ತೂಲನ್ನು. ಎರಡು ವರ್ಷದ ಕೆಳಗೆ ಬೊಂಬಾಯಿಯಲ್ಲಿ ದೋಣಿಯಿಂದ ಇಳಿಯುವಾಗ ಅವನ ಭುಜ ಕಳಚಿತ್ತು. ಕಡಿಯುವುದೋ ಇರಿಯುವುದೋ ಎಂಬ ನೂರು ವರ್ಷದ ವಾದ 1908ರಲ್ಲಿ ಮುಗಿಯಿತು. ಆ ವರ್ಷದ ಮಾದರಿ ಇರಿಯಲಿಕ್ಕೆಂದೇ ಮಾಡಿದ ನೇರವಾದ ಉದ್ದ ಮೊನೆ, ಕೈಯನ್ನೆಲ್ಲ ಮುಚ್ಚುವ ಬೋಗುಣಿಯಂತಹ ಕಾಪು. ನೋಡಲು ವಿಕಾರವೆಂದು ದೊರೆ ಏಳನೆಯ ಎಡ್ವರ್ಡನಿಗೆ ಅದು ಹಿಡಿಸಲಿಲ್ಲವಂತೆ. ಭಾರತದ ಸವಾರರಿಗಾಗಿ ಇದರ ಹಿಡಿಯನ್ನು ಸ್ವಲ್ಪ ಚಿಕ್ಕದು ಮಾಡಿದರು. ಕೈಗೆ ತಕ್ಕ ಹಿಡಿಯಿರಬೇಕೆಂಬುದು ಕಾರ್ಖಾನೆಯವರಿಗೂ ಕೊನೆಗೆ ಹೊಳೆಯಿತೆನ್ನಬೇಕು. ಒಳ್ಳೆಯ ಕತ್ತಿ ಸಿದ್ಧವಾಗುವ ಹೊತ್ತಿಗೆ ಯಂತ್ರಬಂದೂಕು ಬಂದಿತ್ತು. ಆದರೂ 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಜೋಧಪುರದ ಮತ್ತು ನಮ್ಮ ಮೈಸೂರಿನ ಲ್ಯಾನ್ಸರ್ ದಳಗಳು ಕುದುರೆಯ ಮೇಲೆಯೇ ನುಗ್ಗಿ ಹಿಡಿದವು.

ಮನೆಯಲ್ಲಿ ಹಳೆಯ ಕತ್ತಿಯಿರುವವರು ಕೇಳಬಹುದು: ಹಾಗಾದರೆ ತುಕ್ಕು ಹಿಡಿಯಲೆಂದು ಬಿಟ್ಟುಬಿಡುವುದೇ? ಹಾಗಲ್ಲ. ಕೆಂಪಗೆ ಪುಡಿಪುಡಿಯಾಗಿ ಕೈಗೆ ಅಂಟುವ ತುಕ್ಕು ಇನ್ನೂ ಕಬ್ಬಿಣವನ್ನು ತಿನ್ನುತ್ತಿರುತ್ತದೆ. ಅದನ್ನು ಮೆತ್ತನೆಯ ಬಟ್ಟೆಗೆ ಹೊಲಿಗೆ ಯಂತ್ರದ ಎಣ್ಣೆ ಹಾಕಿ ನಿಧಾನವಾಗಿ ಒರೆಸಿ ತೆಗೆಯಬೇಕು. ಕಪ್ಪಗೆ, ಕಂದಾಗಿ, ಮುಟ್ಟಿದರೆ ನುಣುಪಾಗಿರುವುದು ತಣ್ಣಗಾದ ತುಕ್ಕು. ಅದರ ತಂಟೆಗೆ ಹೋಗಬಾರದು. ಹುಣಸೆಹಣ್ಣು, ಇಟ್ಟಿಗೆಪುಡಿ, ಉಪ್ಪುಕಾಗದ ಇವು ಹತ್ತಿರ ಸುಳಿಯಕೂಡದು. ಆಯುಧಪೂಜೆಯಲ್ಲಿ ಮೊನೆಗೆ ನಿಂಬೆಹಣ್ಣು ಚುಚ್ಚುವ ಪದ್ಧತಿ ಕೆಲವು ಮನೆಗಳಲ್ಲಿದೆ; ಆ ಹುಳಿ ಒಂದು ರಾತ್ರಿಯಲ್ಲಿ ಉಕ್ಕಿನ ಮೇಲೆ ಮಾಯದ ಕಲೆ ಮಾಡುತ್ತದೆ. ನಿಂಬೆಹಣ್ಣನ್ನು ಪಕ್ಕದಲ್ಲಿಟ್ಟರೂ ದೇವಿ ಒಪ್ಪುತ್ತಾಳೆ. ಅರಿಸಿನ ಕುಂಕುಮವನ್ನು ಪೂಜೆಯಾದ ಮೇಲೆ ಒರೆಸಿ ಎಣ್ಣೆ ಸವರಬೇಕು. ಚರ್ಮದ ಒರೆಯೊಳಗೆ ವರ್ಷಗಟ್ಟಲೆ ಇಡಬಾರದು. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಲಂಡನ್ನಿನ ಗಿರಾಕಿಯ ಮಾತಿಗೂ ಉತ್ತರ ಹೇಳಿದೆ. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವುದನ್ನು 1972ರ ಪುರಾವಸ್ತು ಕಾಯಿದೆ ತಡೆಯುತ್ತದೆ. ವ್ಯಾಪಾರಿ ಅದನ್ನು ಹೇಳಲು ಮರೆತಿದ್ದನೆಂದು ಕಾಣುತ್ತದೆ.

ದೇಸಾಯರು ಎಲ್ಲವನ್ನೂ ಕೇಳಿದರು. ಬೆಲೆ ಮೂರು ಪಾಲಾಗುವುದು ತಪ್ಪಿತಲ್ಲ ಎಂಬ ಚಿಂತೆ ಮುಖದಲ್ಲಿ ಇದ್ದೇ ಇತ್ತು. ಮೊಮ್ಮಗಳ ಓದಿನ ಖರ್ಚು ಅವರ ಮನಸ್ಸಿನಲ್ಲಿತ್ತೆಂದು ನನಗೆ ಗೊತ್ತು. ಕತ್ತಿಯನ್ನು ಮತ್ತೆ ಧೋತರದಲ್ಲಿ ಸುತ್ತಿಕೊಂಡು ಏಳುವಾಗ ನಾನು ಕೇಳಿದೆ, “ಇದಕ್ಕೆ ಒರೆ ಇತ್ತೇ?”

“ಇತ್ತು ಕಾಣ್ತದ. ಮರದ್ದು. ನಾವು ಸಣ್ಣವರಿದ್ದಾಗ ಅದನ್ನ ಹಿಡ್ಕೊಂಡು ಆಡ್ತಿದ್ವಿ. ಆ ವ್ಯಾಪಾರಿ ಅದರ ಸುದ್ದಿನs ತೆಗೀಲಿಲ್ಲ ನೋಡ್ರಿ.”

ಹದಿನೈದು ದಿನದ ಮೇಲೆ ಅವರಿಂದ ಒಂದು ಕಾಗದ ಬಂತು. ಅಟ್ಟದ ಮೇಲೆ ಜೋಳದ ಹಗೇವಿನ ಹಳೆಯ ಮುಚ್ಚಳದ ಹಿಂದೆ ಒರೆ ಸಿಕ್ಕಿತಂತೆ. ಮೇಲಿನ ಚರ್ಮ ಹೋಗಿದೆ, ತುದಿಯನ್ನು ನಾಲ್ಕು ಬೆರಳಷ್ಟು ಗೆದ್ದಲು ತಿಂದಿದೆ. ಕತ್ತಿಯನ್ನು ಇಳಿಸಿ ನೋಡಿದರಂತೆ; ಬುಡದವರೆಗೂ ಸದ್ದಿಲ್ಲದೆ ಹೋಗಿ ಕೂತಿತು ಎಂದು ಬರೆದಿದ್ದಾರೆ.